ಬೆಣ್ಣೆಹಣ್ಣು (ಅವಕಾಡೊ) ತಿಂದರೆ ಆರೋಗ್ಯಕ್ಕೆ ನಿಜವಾಗಲೂ ಲಾಭ ಇದೆಯಾ?

ಇದೆ. ಆದರೆ ಜ್ಯೂಸ್ ಅಂಗಡಿಯಲ್ಲಿ ಹಾಲು, ಐಸ್‌ಕ್ರೀಮ್, ಮೇಲಿಂದ ಸಕ್ಕರೆ ಸುರಿದು ರುಬ್ಬಿ ಕೊಡುತ್ತಾರಲ್ಲ, ಅದನ್ನು ಲೆಕ್ಕಕ್ಕೆ ತಗೋಬೇಡಿ. ಬರೀ ಹಣ್ಣಿನಲ್ಲಿ 100 ಗ್ರಾಂಗೆ 1 ಗ್ರಾಂ ಸಕ್ಕರೆ ಕೂಡ ಇರುವುದಿಲ್ಲ.

ಇದರಲ್ಲಿ ಜಾಸ್ತಿ ಇರುವುದು ಕೊಬ್ಬು, 100 ಗ್ರಾಂಗೆ ಸುಮಾರು 15 ಗ್ರಾಂ. ಹೆದರಬೇಡಿ, ಬಹುಪಾಲು ಆಲಿವ್ ಎಣ್ಣೆಯಲ್ಲಿರುವಂಥ ಒಳ್ಳೆ ಕೊಬ್ಬೇ. ಬ್ರೆಡ್ಡಿಗೆ ಬೆಣ್ಣೆ ಬದಲು ಇದನ್ನು ಹಚ್ಚಿದರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯಲು ಸಹಾಯ ಆಗುತ್ತದೆ, ಬೆಣ್ಣೆಯ ಜೊತೆಗೆ ಇದನ್ನೂ ತಿಂದರೆ ಸುಮ್ನೆ ತೂಕ ಏರುತ್ತದೆ ಅಷ್ಟೇ, ಯಾಕಂದ್ರೆ 100 ಗ್ರಾಂಗೆ 160 ಕ್ಯಾಲೊರಿ ಇದೆ. ನಾರು 6-7 ಗ್ರಾಂ ಇರುವುದರಿಂದ ಹೊಟ್ಟೆ ಬೇಗ ತುಂಬುತ್ತದೆ, ಮಲಬದ್ಧತೆಗೂ ಒಳ್ಳೆಯದು. ಪೊಟ್ಯಾಶಿಯಂ ಬಾಳೆಹಣ್ಣಿಗಿಂತ ಜಾಸ್ತಿ.

ನನಗೆ ಇಷ್ಟವಾದದ್ದು ಕ್ಯಾರೆಟ್ ಕೋಸಂಬರಿಗೆ ನಾಲ್ಕು ಹೋಳು ಹಾಕಿ, ನಿಂಬೆಹಣ್ಣು ಹಿಂಡಿ, ಹಸಿಮೆಣಸಿನಕಾಯಿ ಸೇರಿಸಿ ತಿನ್ನುವುದು. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ (ದೇಹದಲ್ಲಿ ವಿಟಮಿನ್ ಎ ಆಗುವ ಅಂಶ) ಮೈಗೆ ಹತ್ತಬೇಕಾದರೆ ಕೊಬ್ಬು ಬೇಕಲ್ವಾ, ಅದು ಇಲ್ಲೇ ಸಿಗುತ್ತದೆ. ದುಬಾರಿ ವಿದೇಶಿ ಹಣ್ಣೇ ಆಗಬೇಕಿಲ್ಲ, ಕೊಡಗಿನ ಕಾಫಿ ತೋಟಗಳಲ್ಲಿ ಬೆಳೆಯುವುದೂ ಸಾಕು.

ದಿನಕ್ಕೆ ಅರ್ಧ ಹಣ್ಣು ಧಾರಾಳ. ಕಿಡ್ನಿ ತೊಂದರೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ತಿನ್ನಿ.