ಅಕ್ಕೋರೆ, ನಿಮ್ಮ ಜೀವಕೋಶದ ಲೇಖನ ಓದಿದೆ

ಅಕ್ಕೋರಿಗೆ ನಮಸ್ಕಾರ.

‘ಜೀವದ ಮೂಲ ಘಟಕ ಜೀವಕೋಶ’ ಎಂಬ ನಿಮ್ಮ ಹನ್ನೊಂದು ಪುಟದ ಲೇಖನ ಹೋದ ವಾರ ವಿಜಯಪುರದ ನಮ್ಮ ಕಚೇರಿಗೆ ಬಂತು. ಎರಡು ಸಲ ಓದಿದೆ, ಎರಡನೇ ಸಲ ಪೆನ್ಸಿಲ್ ಹಿಡಿದು. ಮೊದಲೇ ಹೇಳಿಬಿಡುತ್ತೇನೆ, ಇದನ್ನು ಇದ್ದ ಹಾಗೆ ಪತ್ರಿಕೆಗೆ ಹಾಕಲು ಆಗುವುದಿಲ್ಲ. ಹಾಗಂತ ‘ಸ್ಥಳಾಭಾವದಿಂದ ಮರಳಿಸಿದೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ನಿಮ್ಮ ಲಕೋಟೆಯಲ್ಲಿ ಒಂದು ಒಳ್ಳೆಯ ಲೇಖನ ಇದೆ. ಅದು ನನಗೆ ಸಿಕ್ಕಿದ್ದು ಜೊತೆಗೆ ಮಡಿಸಿಟ್ಟ ಚೀಟಿಯಲ್ಲಿ.

ಚೀಟಿಯಲ್ಲಿ ನೀವು ಬರೆದದ್ದು ಇಷ್ಟು. ತಿಕೋಟಾ ಕಡೆಯ ನಿಮ್ಮ ಶಾಲೆಯ ಮಕ್ಕಳಲ್ಲಿ ಸುಮಾರು ಜನ ದ್ರಾಕ್ಷಿ ತೋಟದವರ ಮನೆಯವರು. ಕೋಶದ ಪಾಠ ಮಾಡುವಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಅಕ್ಕೋರೆ, ಶೆಡ್ಡಿನಾಗ ಒಣಗಾಕ ಹಾಕಿದ ದ್ರಾಕ್ಷಿ ಜೀವಂತ ಇರ್ತಾವೋ, ಸತ್ತಿರ್ತಾವೋ?” ಅಂತ ಕೇಳಿದಳು. ಆ ನೆಪದಲ್ಲಿ ನೀವು ಈ ಲೇಖನ ಬರೆದಿರಿ.

ಹನ್ನೊಂದು ಪುಟ ಹುಡುಕಿದೆ. ಆ ಹುಡುಗಿಗೆ ಉತ್ತರ ಎಲ್ಲೂ ಸಿಗಲಿಲ್ಲ.

ಸಿಕ್ಕಿದ್ದೇನು? ಮೊದಲು ವ್ಯಾಖ್ಯೆ, ಆಮೇಲೆ ಇತಿಹಾಸ. ಆಮೇಲೆ ಕೋಶದ ಹದಿಮೂರು ಭಾಗಗಳು, ಒಂದೊಂದಕ್ಕೂ ಮೂರು ಸಾಲು. ಸಸ್ಯಕೋಶಕ್ಕೂ ಪ್ರಾಣಿಕೋಶಕ್ಕೂ ಇರುವ ವ್ಯತ್ಯಾಸದ ಪಟ್ಟಿ. ಕೊನೆಗೆ ಉಪಸಂಹಾರ. ಇದು ಪಾಠ. ನಿಮ್ಮ ಮಕ್ಕಳ ಚೀಲದಲ್ಲಿ ಪಠ್ಯಪುಸ್ತಕ ಈಗಾಗಲೇ ಇದೆ. ನಮ್ಮ ಪತ್ರಿಕೆ ಓದುವವರು ಅದನ್ನೇ ಮತ್ತೊಮ್ಮೆ ಓದಲು ದುಡ್ಡು ಕೊಡುವುದಿಲ್ಲ.

ನಾನೂ ಆ ಹದಿಮೂರು ಭಾಗಗಳನ್ನು ಬಾಯಿಪಾಠ ಮಾಡಿದವನೇ. ಚಿತ್ರ ಬರೆದು, ಗೆರೆ ಎಳೆದು, ಹೆಸರು ಬರೆದು ಪೂರ್ತಿ ಅಂಕ ತೆಗೆದುಕೊಂಡೆ. ಕೋಶ ಅಂದರೆ ಒಂದು ತಟ್ಟೆ, ಅದರ ಮೇಲೆ ಸಾಮಾನು ಜೋಡಿಸಿಟ್ಟಿದ್ದಾರೆ ಅಂತಲೇ ತುಂಬ ವರ್ಷ ತಿಳಿದಿದ್ದೆ. ಕಾಲೇಜಿನಲ್ಲಿ ಒಬ್ಬ ಮಾಸ್ತರರು ಕೆರೆಯಿಂದ ಹೈಡ್ರಿಲ್ಲಾ ಸಸ್ಯದ ಎಲೆ ತಂದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಇಣುಕಿ ನೋಡಿದೆ. ಹಸಿರು ಕಾಳುಗಳು ಕೋಶದ ಗೋಡೆಗುಂಟ ಒಂದರ ಹಿಂದೆ ಒಂದು ಸುತ್ತು ಹಾಕುತ್ತಿದ್ದವು, ದೇವರ ಗುಡಿಗೆ ಪ್ರದಕ್ಷಿಣೆ ಬಂದ ಹಾಗೆ. ನಾನು ಚಿತ್ರದಲ್ಲಿ ನಿಲ್ಲಿಸಿಟ್ಟಿದ್ದೆಲ್ಲ ಅಲ್ಲಿ ಓಡಾಡುತ್ತಿತ್ತು. ಆ ದಿನ ಮನೆಗೆ ಹೋಗಿ ಅವ್ವನಿಗೆ ಹೇಳಿದ್ದು ಇನ್ನೂ ನೆನಪಿದೆ. ನಿಮ್ಮ ಲೇಖನದಲ್ಲಿ ನನಗೆ ಬೇಕಿದ್ದದ್ದು ಆ ಓಡಾಟ. ಕೋಶದೊಳಗೆ ಏನೇನು ಇದೆ ಅಂತ ಎಣಿಸಿದ್ದೀರಿ. ಅದು ಏನು ಮಾಡುತ್ತಿದೆ ಅಂತ ಒಂದು ಕಡೆಯೂ ನಿಂತು ನೋಡಿಲ್ಲ.

ಹಾಗಾದರೆ ಹುಡುಗಿಯ ಪ್ರಶ್ನೆಯನ್ನೇ ಹಿಡಿಯೋಣ. ಕಿತ್ತ ದ್ರಾಕ್ಷಿ ಸತ್ತಿರುವುದಿಲ್ಲ. ಬಳ್ಳಿಯಿಂದ ನೀರು ಬರುವುದು ನಿಂತಿರುತ್ತದೆ, ಅಷ್ಟೆ. ಒಳಗಿನ ಕೋಶಗಳು ಇನ್ನೂ ಉಸಿರಾಡುತ್ತಿರುತ್ತವೆ, ಅಂದರೆ ಆಮ್ಲಜನಕ ತಗೊಂಡು ಸಕ್ಕರೆ ಒಡೆದು ಶಕ್ತಿ ಮಾಡಿಕೊಳ್ಳುತ್ತಿರುತ್ತವೆ. ಆ ಕೋಶಗಳಲ್ಲಿ ಹೆಚ್ಚಿನ ಜಾಗ ರಸದಾನಿಯದೇ, ಅಂದರೆ ಕೋಶದೊಳಗೆ ರಸ ತುಂಬಿಕೊಂಡ ಚೀಲದ್ದೇ. ದ್ರಾಕ್ಷಿ ಕಚ್ಚಿದಾಗ ಬಾಯಿಗೆ ಬರುವ ಸಿಹಿ ನೀರು ಅಲ್ಲಿಯದು. ನೀವು ರಸದಾನಿಯ ಬಗ್ಗೆ ‘ಸಂಗ್ರಹಣಾ ಕಾರ್ಯ ನಿರ್ವಹಿಸುತ್ತದೆ’ ಅಂತ ಬರೆದು ಮುಂದೆ ಹೋಗಿದ್ದೀರಿ. ದ್ರಾಕ್ಷಿ ಸೀಮೆಯಲ್ಲಿ ಕೂತು ಇಷ್ಟೇ ಬರೆದರೆ ಹೇಗೆ ಅಕ್ಕೋರೆ?

ಹಣ್ಣಿನ ಸಿಪ್ಪೆಯ ಮೇಲೆ ಮೇಣದ ತೆಳು ಪದರ ಇರುತ್ತದೆ. ನೀರು ಆರಿಹೋಗದಂತೆ ಹಣ್ಣನ್ನು ಕಾಯುವುದು ಅದೇ. ಒಣಗಿಸುವ ಮುಂಚೆ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಗೊಂಚಲು ಅದ್ದುತ್ತಾರಲ್ಲ, ಅದು ಕೆಲಸ ಮಾಡುವುದು ಈ ಮೇಣದ ಮೇಲೆ. ಆ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಈಥೈಲ್ ಓಲಿಯೇಟ್. ಅದ್ದಿದ ಮೇಲೆ ನೀರಿಗೆ ಹೊರಬರಲು ದಾರಿ ಸಿಗುತ್ತದೆ. ಶೆಡ್ಡಿನ ನೆರಳಿನಲ್ಲಿ, ಗಾಳಿಗೆ, ಸುಮಾರು ಎರಡು ವಾರ. ನೂರಕ್ಕೆ 80ರಷ್ಟು ನೀರಿದ್ದ ಹಣ್ಣು 15ರ ಹತ್ತಿರಕ್ಕೆ ಇಳಿಯುತ್ತದೆ. ನಾಲ್ಕು ಕಿಲೋ ಹಾಕಿದರೆ ಒಂದು ಕಿಲೋ ಸಿಗುತ್ತದೆ ಅನ್ನುವ ಲೆಕ್ಕ ಆ ಹುಡುಗಿಯ ಅಪ್ಪನಿಗೆ ಗೊತ್ತೇ ಇದೆ. ಈ ಎರಡು ವಾರದ ನಡುವೆ ಕೋಶಗಳ ಪೊರೆ ಕೆಡುತ್ತದೆ. ಒಳಗಿನದನ್ನು ಒಳಗೇ ಹಿಡಿದಿಡುವ ಬಲ ಹೋಗುತ್ತದೆ. ಕೋಶ ಸಾಯುವುದು ಆಗ. ಎಲ್ಲ ಕೋಶಗಳೂ ಒಂದೇ ಗಳಿಗೆಯಲ್ಲಿ ಸಾಯುವುದಿಲ್ಲ. ಹುಡುಗಿಗೆ ಹೀಗೆ ಹೇಳಬಹುದು: ಹಾಕುವಾಗ ಜೀವ ಇತ್ತು, ತೆಗೆಯುವಾಗ ಇಲ್ಲ, ನಡುವೆ ಒಂದೇ ಹಣ್ಣಿನೊಳಗೆ ಸತ್ತ ಕೋಶವೂ ಬದುಕಿದ ಕೋಶವೂ ಅಕ್ಕಪಕ್ಕದಲ್ಲೇ ಇದ್ದವು.

ಅಲ್ಲಿಂದ ಇನ್ನೊಂದು ಹೆಜ್ಜೆ ಇಡಿ. ಒಣದ್ರಾಕ್ಷಿ ತಿಂಗಳುಗಟ್ಟಲೆ ಕೆಡದೆ ಯಾಕೆ ಇರುತ್ತದೆ? ಅದರ ಮೇಲೆ ಬಂದು ಕೂತ ಬೂಷ್ಟು, ಬ್ಯಾಕ್ಟೀರಿಯಾಗಳೂ ಕೋಶಗಳೇ. ಅವುಗಳಿಗೂ ನೀರು ಬೇಕು. ಅಷ್ಟು ಗಟ್ಟಿ ಸಕ್ಕರೆಯ ನಡುವೆ ನೀರು ಸಿಗುವುದು ಹಾಗಿರಲಿ, ತಮ್ಮೊಳಗಿನ ನೀರನ್ನೇ ಕಳೆದುಕೊಳ್ಳುತ್ತವೆ. ಇಂಡಿ ನಿಂಬೆಯ ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವೂ ಇದೇ. ಇಷ್ಟು ಹೇಳಿದ ಮೇಲೆ ‘ಇದಕ್ಕೆ ಅಭಿಸರಣೆ ಅನ್ನುತ್ತಾರೆ’ ಅಂತ ಬರೆಯಿರಿ. ಆಗ ಆ ಪದ ಓದುಗರ ನಾಲಿಗೆಯ ಮೇಲೆ ಕೂರುತ್ತದೆ. ನೀವು ಮೊದಲ ಸಾಲಿನಲ್ಲೇ ‘ವರಣಾತ್ಮಕ ಪಾರಗಮ್ಯ ಪೊರೆ’ ಅಂತ ಹಾಕಿದ್ದೀರಿ. ‘ಕೆಲವನ್ನು ಬಿಟ್ಟುಕೊಂಡು ಕೆಲವನ್ನು ತಡೆಯುವ ಪೊರೆ’ ಅಂದರೆ ಸಾಕಲ್ವಾ?

ಈಗ ತಪ್ಪುಗಳಿಗೆ ಬರುತ್ತೇನೆ.

ಒಣದ್ರಾಕ್ಷಿ ನೀರಿನಲ್ಲಿ ಉಬ್ಬುವುದು ‘ಜೀವಂತ ಪೊರೆಯ ಕೆಲಸ’ ಅಂತ ಬರೆದಿದ್ದೀರಿ. ಉಬ್ಬುವುದು ನಿಜ. ಜೀವಂತ ಪೊರೆ ಅಲ್ಲಿ ಉಳಿದಿಲ್ಲ. ಒಳಗಿನ ಸಕ್ಕರೆ ನೀರನ್ನು ಎಳೆಯುತ್ತದೆ, ಸಿಪ್ಪೆ ಸಕ್ಕರೆಯನ್ನು ಬೇಗ ಹೊರಗೆ ಬಿಡುವುದಿಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ‘ಎಲ್ಲ ಸಸ್ಯಕೋಶಗಳಲ್ಲೂ ಕ್ಲೋರೋಪ್ಲಾಸ್ಟ್ ಇರುತ್ತದೆ’ ಅಂತ ಐದನೇ ಪುಟದಲ್ಲಿದೆ. ಕ್ಲೋರೋಪ್ಲಾಸ್ಟ್ ಅಂದರೆ ನಾನು ಹೈಡ್ರಿಲ್ಲಾದಲ್ಲಿ ಕಂಡ ಆ ಹಸಿರು ಕಾಳು, ಬಿಸಿಲು ಹಿಡಿದು ಆಹಾರ ಮಾಡುವುದು. ಆರನೇ ಪುಟದಲ್ಲಿ ಉಳ್ಳಾಗಡ್ಡಿಯ ಪೊರೆ ನೋಡುವ ಪ್ರಯೋಗ ಇದೆ. ಉಳ್ಳಾಗಡ್ಡಿಯ ಆ ಪೊರೆಯಲ್ಲಿ ಹಸಿರು ಕಾಳು ಕಾಣಿಸಿತ್ತಾ? ಕಾಣಿಸಿರಲಾರದು. ಮಣ್ಣಿನೊಳಗೆ ಬಿಸಿಲು ಕಾಣದೆ ಬೆಳೆದ ಗಡ್ಡೆಗೆ ಅದು ಯಾಕೆ ಬೇಕು? ಬೇರಿನ ಕೋಶಗಳಿಗೂ ಅಷ್ಟೆ. ಇದನ್ನು ಬರೆಯುವಾಗ ನಿಮ್ಮ ಕಣ್ಣು ಸೂಕ್ಷ್ಮದರ್ಶಕದ ಮೇಲೆ ಇರಲಿಲ್ಲ, ಪುಸ್ತಕದ ಮೇಲಿತ್ತು ಅಂತ ನನಗೆ ಅನಿಸಿತು.

ಆ ಪ್ರಯೋಗವನ್ನು ಇನ್ನೊಮ್ಮೆ ಮಾಡಿಸಿ, ಈ ಸಲ ನಮ್ಮ ಕಡೆಯ ಕೆಂಪು ಉಳ್ಳಾಗಡ್ಡಿಯಲ್ಲಿ. ಎಸಳಿನ ಹೊರಮೈಯ ಬಣ್ಣದ ಪೊರೆ ಸುಲಿಯಿರಿ. ಬಣ್ಣ ಇರುವುದು ರಸದಾನಿಯಲ್ಲಿ, ಹಾಗಾಗಿ ಬೇರೆ ಬಣ್ಣ ಹಾಕುವುದೇ ಬೇಡ. ಒಂದು ಹನಿ ಉಪ್ಪುನೀರು ಬಿಡಿ. ಕೆಂಪು ಭಾಗ ಗೋಡೆಯಿಂದ ಬಿಟ್ಟುಕೊಂಡು ಒಳಗೆ ಕುಗ್ಗುತ್ತದೆ. ಉಪ್ಪುನೀರು ತೆಗೆದು ಬೇಗನೆ ಸಿಹಿನೀರು ಬಿಟ್ಟರೆ ಮತ್ತೆ ಹರಡಿ ಗೋಡೆಗೆ ಹತ್ತುತ್ತದೆ. ಕುದಿಸಿದ ಪೊರೆಯಲ್ಲಿ ಇದು ನಡೆಯುವುದೇ ಇಲ್ಲ. ಜೀವ ಇದ್ದದ್ದಕ್ಕೂ ಹೋದದ್ದಕ್ಕೂ ಇರುವ ವ್ಯತ್ಯಾಸ ಆ ಹುಡುಗಿಗೆ ಕಣ್ಣೆದುರೇ ಸಿಗುತ್ತದೆ. ಈ ಒಂದು ಪ್ರಯೋಗವನ್ನು ನೀವು ಕಂಡ ಹಾಗೆ ಬರೆದುಕೊಟ್ಟರೆ ಎರಡು ಪುಟ ಖಾಲಿ ಇಡುತ್ತೇನೆ.

ಮೂರನೆಯದು, ರಾಬರ್ಟ್ ಹುಕ್ 1665ರಲ್ಲಿ ‘ಮೊದಲ ಜೀವಂತ ಕೋಶ’ ನೋಡಿದ ಅಂದಿದ್ದೀರಿ. ಅವನು ನೋಡಿದ್ದು ಬೆಂಡಿನ ಚೂರಿನಲ್ಲಿದ್ದ ಖಾಲಿ ಗೂಡುಗಳನ್ನು. ಗೋಡೆ ಇತ್ತು, ಮನೆಯವರು ಇರಲಿಲ್ಲ. ನೀರಿನ ಹನಿಯಲ್ಲಿ ಜೀವಂತ ಏಕಕೋಶ ಜೀವಿಗಳನ್ನು ಕಂಡವನು ಲೇವನ್‌ಹುಕ್, 1670ರ ದಶಕದಲ್ಲಿ. ಇಬ್ಬರ ಹೆಸರೂ ಕಿವಿಗೆ ಒಂದೇ ತರ ಕೇಳುತ್ತದೆ, ಕಲಸಿಹೋಗುವುದು ಸಹಜ. ಇತಿಹಾಸದ ಉಳಿದ ಎರಡು ಪುಟ ತೆಗೆದುಹಾಕಿ.

ಇನ್ನು ಹೋಲಿಕೆಗಳು. ನೀವು ಹೋಲಿಕೆ ಹುಡುಕಿದ್ದೀರಿ, ಅದೂ ನಮ್ಮ ಸುತ್ತಮುತ್ತಲಿಂದ. ಅದು ನನಗೆ ಬಹಳ ಇಷ್ಟವಾಯಿತು. ಎಲ್ಲವೂ ಕೂಡಿಬಂದಿಲ್ಲ.

ಗೋಲಗುಮ್ಮಟ ಕಲ್ಲುಗಳಿಂದ ಆದ ಹಾಗೆ ನಮ್ಮ ದೇಹ ಕೋಶಗಳಿಂದ ಆಗಿದೆ ಅಂದಿದ್ದೀರಿ. 1656ರಲ್ಲಿ ಕಟ್ಟಡ ಮುಗಿದಾಗ ಇಟ್ಟ ಕಲ್ಲು ಇವತ್ತಿಗೂ ಅಲ್ಲೇ ಕೂತಿದೆ. ನಮ್ಮ ಕರುಳಿನ ಒಳಪದರದ ಕೋಶಗಳು ಒಂದು ವಾರದೊಳಗೆ ಬದಲಾಗುತ್ತವೆ. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಸತ್ತವುಗಳ ಜಾಗ ತುಂಬಲು ಮೂಳೆಯ ಮಜ್ಜೆ ಸೆಕೆಂಡಿಗೆ 20 ಲಕ್ಷದಷ್ಟು ಹೊಸ ಕಣ ಮಾಡುತ್ತದೆ. ಈ ಹೋಲಿಕೆ ಬಿಟ್ಟುಬಿಡಿ, ಅಥವಾ ಅದು ಎಲ್ಲಿ ಮುರಿಯುತ್ತದೆ ಅಂತಲೇ ಬರೆಯಿರಿ.

ಕೋಶಕೇಂದ್ರ ‘ಶಾಲೆಯ ಹೆಡ್ ಮಾಸ್ತರರ ಹಾಗೆ’ ಅನ್ನುವುದೂ ನಿಲ್ಲುವುದಿಲ್ಲ. ಕೆಂಪು ರಕ್ತಕಣ ಬೆಳೆಯುವಾಗಲೇ ತನ್ನ ಕೋಶಕೇಂದ್ರವನ್ನು ಹೊರಹಾಕುತ್ತದೆ. ಅದು ಇಲ್ಲದೆಯೇ ನಾಲ್ಕು ತಿಂಗಳು ಆಮ್ಲಜನಕ ಹೊರುತ್ತದೆ. ನನಗೆ ಹೊಳೆದದ್ದು ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮು. ಹೊಲದ ಮೂಲ ದಾಖಲೆ ಅಲ್ಲಿಂದ ಹೊರಗೆ ಬರುವುದಿಲ್ಲ. ನಾವು ಉತಾರ, ಅಂದರೆ ಅದರ ನಕಲು, ತೆಗೆಸಿಕೊಂಡು ಹೋಗುತ್ತೇವೆ, ಕೆಲಸ ಆಗುವುದು ಆ ಉತಾರದ ಮೇಲೆ. ಡಿಎನ್ಎ ಕೋಶಕೇಂದ್ರದಲ್ಲೇ ಉಳಿಯುತ್ತದೆ. ಬೇಕಾದಷ್ಟು ಭಾಗದ ನಕಲು ಆರ್‌ಎನ್ಎ ರೂಪದಲ್ಲಿ ಹೊರಗೆ ಬರುತ್ತದೆ. ರೈಬೋಸೋಮ್ ಅದನ್ನು ಓದಿ ಪ್ರೋಟೀನ್ ಕಟ್ಟುತ್ತದೆ. ಕೆಲಸ ಮುಗಿದ ನಕಲನ್ನು ಕೋಶ ಒಡೆದುಹಾಕುತ್ತದೆ. ಯಕೃತ್ತಿನ ಕೋಶದಲ್ಲೂ ಚರ್ಮದ ಕೋಶದಲ್ಲೂ ದಾಖಲೆ ಒಂದೇ, ತೆಗೆಸುವ ಉತಾರ ಬೇರೆ ಬೇರೆ. ಇದು ನಿಮಗೆ ಹಿಡಿಸಿದರೆ ಬಳಸಿಕೊಳ್ಳಿ.

‘ಮೈಟೊಕಾಂಡ್ರಿಯ ಕೋಶದ ಆಲಮಟ್ಟಿ’ ಅಂತ ಒಂದೇ ಸಾಲಿನಲ್ಲಿ ಬರೆದು ಬಿಟ್ಟಿದ್ದೀರಲ್ಲ, ಇಡೀ ಲೇಖನದಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟದ್ದು ಅಲ್ಲಿ. ಸುಮ್ನೆ ಶಕ್ತಿ ಕೊಡುತ್ತದೆ ಅನ್ನುವ ಅರ್ಥದಲ್ಲಿ ಬರೆದಿರಬೇಕು. ಆದರೆ ಈ ಹೋಲಿಕೆ ನೀವು ತಿಳಿದದ್ದಕ್ಕಿಂತ ಜಾಸ್ತಿ ನಿಜ. ಆಲಮಟ್ಟಿಯಲ್ಲಿ ಕೃಷ್ಣೆಯ ನೀರನ್ನು ಒಂದು ಕಡೆ ಎತ್ತರಕ್ಕೆ ನಿಲ್ಲಿಸುತ್ತಾರೆ. ಅದು ಟರ್ಬೈನಿನ ಮೂಲಕ ಇಳಿದಾಗ ಚಕ್ರ ತಿರುಗುತ್ತದೆ. ಆರು ಯಂತ್ರ, ಒಟ್ಟು 290 ಮೆಗಾವ್ಯಾಟ್. ಮೈಟೊಕಾಂಡ್ರಿಯದಲ್ಲಿ ಒಳಗಿನ ಪೊರೆಯೇ ಅಣೆಕಟ್ಟು. ಅದರ ಒಂದು ಬದಿಯಲ್ಲಿ ಪ್ರೋಟಾನುಗಳು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್ ಕಣಗಳು, ತುಂಬಿಕೊಳ್ಳುತ್ತವೆ. ವಾಪಸು ಬರಲು ಅವಕ್ಕೆ ಮುಖ್ಯ ದಾರಿ ಎಟಿಪಿ ಸಿಂಥೇಸ್ ಅನ್ನುವ ಪ್ರೋಟೀನ್ ಯಂತ್ರ. ಪ್ರೋಟಾನು ಹರಿದಾಗ ಆ ಯಂತ್ರ ನಿಜವಾಗಿಯೂ ತಿರುಗುತ್ತದೆ. ತಿರುಗಿದಂತೆ ಎಟಿಪಿ, ಅಂದರೆ ಕೋಶ ತನ್ನ ಕೆಲಸಗಳಿಗೆ ಖರ್ಚು ಮಾಡುವ ಶಕ್ತಿಯ ನಾಣ್ಯ, ಹೊರಬೀಳುತ್ತದೆ. ಬ್ರಿಟನ್ನಿನ ವಿಜ್ಞಾನಿ ಪೀಟರ್ ಮಿಚೆಲ್ 1961ರಲ್ಲಿ ಪ್ರೋಟಾನುಗಳ ಈ ಮಾತು ಹೇಳಿದಾಗ ಬಹಳ ಜನ ನಂಬಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಬಂತು.

ಇಲ್ಲಿ ಒಂದು ಪ್ರಶ್ನೆ ಓದುಗರಿಗೆ ಬಂದೇ ಬರುತ್ತದೆ. ಆಲಮಟ್ಟಿಯನ್ನು ಪಶ್ಚಿಮ ಘಟ್ಟದ ಮಳೆ ತುಂಬಿಸುತ್ತದೆ, ಈ ಅಣೆಕಟ್ಟನ್ನು ತುಂಬಿಸುವವರು ಯಾರು? ಮುಂಜಾನೆ ತಿಂದ ಜೋಳದ ರೊಟ್ಟಿ. ಅದರ ಪಿಷ್ಟ ಸಕ್ಕರೆಯಾಗಿ ಒಡೆದು, ಅದರಿಂದ ಬಂದ ಎಲೆಕ್ಟ್ರಾನುಗಳು ಪೊರೆಯಲ್ಲಿ ಕೈಯಿಂದ ಕೈಗೆ ದಾಟುತ್ತಾ ಹೋಗುತ್ತವೆ. ಪ್ರೋಟಾನುಗಳನ್ನು ಮೇಲೆತ್ತುವ ಬಲ ಅದು. ಕೊನೆಯಲ್ಲಿ ಆ ಎಲೆಕ್ಟ್ರಾನುಗಳನ್ನು ಹಿಡಿಯಲು ಆಮ್ಲಜನಕ ನಿಂತಿರಬೇಕು. ಹಿಡಿದು ಅದು ನೀರಾಗುತ್ತದೆ. ಆಮ್ಲಜನಕ ಬರದಿದ್ದರೆ ಸಾಲು ನಿಲ್ಲುತ್ತದೆ, ಅಣೆಕಟ್ಟು ತುಂಬುವುದಿಲ್ಲ, ಚಕ್ರ ನಿಲ್ಲುತ್ತದೆ. ನಾವು ಉಸಿರಾಡುವುದು ಇದಕ್ಕೇ ಅಕ್ಕೋರೆ. ಇದನ್ನು ಹೇಳದೆ ‘ಶಕ್ತಿ ಉತ್ಪಾದನಾ ಕೇಂದ್ರ’ ಅಂತ ಬರೆದರೆ ಓದುಗರ ಕೈಯಿಂದ ಏನು ತಪ್ಪಿಹೋಗುತ್ತದೆ ನೋಡಿ.

ಈಗ ಮುಂದಿನ ಮಾತು. ಲೇಖನ ನಾಲ್ಕು ಪುಟ ಸಾಕು. ಮೊದಲ ಸಾಲು ಹುಡುಗಿಯ ಪ್ರಶ್ನೆ, ಅವಳು ಕೇಳಿದ ಮಾತಿನಲ್ಲೇ. ಅದನ್ನು ಗ್ರಂಥದ ಭಾಷೆಗೆ ತಿದ್ದಬೇಡಿ. ಆಮೇಲೆ ಶೆಡ್ಡು, ಉಳ್ಳಾಗಡ್ಡಿ, ಆಲಮಟ್ಟಿ. ಗಾಲ್ಗಿ, ಲೈಸೋಸೋಮ್ ತರದ ಕೋಶದ ಉಳಿದ ಭಾಗಗಳನ್ನು ಬಿಡಿ, ಇನ್ನೊಂದು ಲೇಖನಕ್ಕೆ ಇರಲಿ. ಪುಸ್ತಕದಿಂದ ನಕಲು ಮಾಡಿದ ಎರಡು ಚಿತ್ರಗಳನ್ನು ಹಾಕುವುದಿಲ್ಲ. ನಿಮ್ಮ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಮಕ್ಕಳೇ ಪೆನ್ಸಿಲಿನಲ್ಲಿ ಬರೆದು ಕೊಡಲಿ, ಸೊಟ್ಟ ಇದ್ದರೂ ಅದನ್ನೇ ಅಚ್ಚು ಹಾಕುತ್ತೇನೆ. ಉಪಸಂಹಾರ ಬೇಡ.

ಅವಸರ ಇಲ್ಲ. ಫೆಬ್ರುವರಿಯಲ್ಲಿ ದ್ರಾಕ್ಷಿ ಕೊಯ್ಲು ಶುರುವಾದಾಗ ಒಂದು ದಿನ ಆ ಹುಡುಗಿಯ ಮನೆಯ ಶೆಡ್ಡಿಗೇ ಹೋಗಿ ಬನ್ನಿ. ಅದ್ದಿದ ಹಣ್ಣು, ಅದ್ದದ ಹಣ್ಣು ಎರಡನ್ನೂ ಬೇರೆ ಬೇರೆ ತೂಗಿ, ಪಕ್ಕಪಕ್ಕದಲ್ಲಿ ಒಣಗಲು ಇಟ್ಟು, ದಿನಾ ತೂಕ ಬರೆದುಕೊಳ್ಳಲು ಅವಳಿಗೇ ಹೇಳಿ. ಆ ತೂಕದ ಲೆಕ್ಕವನ್ನೂ ಲೇಖನದ ಜೊತೆ ಕಳಿಸಿ. ಒಂದು ಕೇಳುವುದು ಉಳಿಯಿತು. ಆ ದಿನ ತರಗತಿಯಲ್ಲಿ ನೀವು ಅವಳಿಗೆ ಏನು ಉತ್ತರ ಕೊಟ್ಟಿರಿ?

ನಿಮ್ಮ ಪತ್ರ ಕಾಯುತ್ತಿರುತ್ತೇನೆ.

ಸಂಪಾದಕ