ಐ-20ರ ಎರಡನೇ ಪುಟ ತೆಗೆದು ನೋಡು

"ಅಣ್ಣ, ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಬಂದೆ. ಡಿಸೆಂಬರ್‌ನಲ್ಲಿ ಅಕ್ಕನ ಮದುವೆಗೆ ಮಂಡ್ಯಕ್ಕೆ ಹೋಗಬೇಕು. ಏನೇನು ಕಾಗದ ಒಯ್ಯಬೇಕು? ಸೂಟ್‌ಕೇಸಿಗೆ ಹಾಕಬಹುದಾ?" ಅಂತ ಕೇಳಿದ್ದೀಯ. ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಬೇಡಮ್ಮ.

2008ರಲ್ಲಿ ನಾನು ಬಂದಾಗ ಆದದ್ದು ಅದೇ. ಕಳೆದುಹೋಗಬಾರದು ಅಂತ ಅವ್ವ ನನ್ನ ಐ-20ಯನ್ನು, ಅಂದರೆ ಸೀಟು ಕೊಟ್ಟ ಕಾಲೇಜು ವೀಸಾಗೆ ಅಂತ ಕಳಿಸುವ ಕಾಗದವನ್ನು, ಹಳೇ ಸೀರೆ ತುಂಡಿನಲ್ಲಿ ಸುತ್ತಿ, ಚಟ್ನಿಪುಡಿ ಡಬ್ಬದ ಪಕ್ಕ, ಸೂಟ್‌ಕೇಸಿನ ತಳದಲ್ಲಿ ಇಟ್ಟಿದ್ದಳು. ಶಿಕಾಗೋದಲ್ಲಿ ಇಮಿಗ್ರೇಷನ್ ಮುಗಿದ ಮೇಲೆ ತಾನೇ ಸೂಟ್‌ಕೇಸ್ ಕೈಗೆ ಸಿಗುವುದು! ಪಕ್ಕದ ಕೋಣೆಯಲ್ಲಿ ಮೂರು ಗಂಟೆ ಕೂರಿಸಿದರು. ಕೊನೆಗೆ ಐ-515ಎ ಅನ್ನುವ ಚೀಟಿ ಕೊಟ್ಟು, 30 ದಿನದೊಳಗೆ ಕಾಗದ ಕಳಿಸು ಅಂತ ಬಿಟ್ಟರು.

ಹಾಗಾಗಿ ಪಾಸ್‌ಪೋರ್ಟ್, ಅದರಲ್ಲಿರುವ ಎಫ್-1 ಅನ್ನುವ ವಿದ್ಯಾರ್ಥಿ ವೀಸಾ, ಐ-20, ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ) ಫೀ ರಸೀದಿ, ಫೀಸ್ ಕಟ್ಟಲು ದುಡ್ಡಿದೆ ಅನ್ನುವುದಕ್ಕೆ ಬ್ಯಾಂಕ್ ಕಾಗದ, ಈ ಸೆಮಿಸ್ಟರಿನ ಅಂಕಪಟ್ಟಿ, ಎಲ್ಲಾ ಹೆಗಲ ಚೀಲದಲ್ಲೇ ಇರಲಿ. ಐ-94, ಅಂದರೆ ದೇಶದೊಳಗೆ ಬಂದದ್ದರ ದಾಖಲೆ, ನಮ್ಮ ಕಾಲದಲ್ಲಿ ಪಾಸ್‌ಪೋರ್ಟಿಗೆ ಪಿನ್ ಹೊಡೆದ ಬಿಳಿ ಚೀಟಿ. 2013ರಿಂದ ವಿಮಾನದಲ್ಲಿ ಬಂದವರಿಗೆ ಅದು ಆನ್‌ಲೈನ್‌ನಲ್ಲೇ ಸಿಗುತ್ತದೆ. ವಾಪಸ್ ಬಂದ ಮೇಲೆ ಹೊಸದನ್ನು ಇಳಿಸಿಕೊಂಡು ಹೆಸರು, ತಾರೀಕು ನೋಡಿಕೋ. ಉಪ್ಪಿನಕಾಯಿ ತರಬಹುದಾ ಅಂತಲೂ ಕೇಳಿದ್ದೀಯ. ಕಸ್ಟಮ್ಸ್‌ನಲ್ಲಿ ಹೇಳಿಬಿಡು, ಮುಚ್ಚಿಡಬೇಡ, ಅಷ್ಟೇ.

ನಾನು ಹೇಳಬೇಕು ಅಂದುಕೊಂಡಿದ್ದು ಬೇರೆ. ಐ-20ರ ಎರಡನೇ ಪುಟದಲ್ಲಿ ಪ್ರಯಾಣದ ಸಹಿ ಹಾಕುವ ಜಾಗ ಇದೆ. ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಕಾಗದಪತ್ರ ನೋಡಿಕೊಳ್ಳುವ ಅಧಿಕಾರಿ, ಡಿಎಸ್‌ಒ, ಹಾಕುತ್ತಾರೆ. ಓದುತ್ತಿರುವವರಿಗೆ ಒಂದು ವರ್ಷ ನಡೆಯುತ್ತದೆ, ಒಪಿಟಿಗೆ (ಓದು ಮುಗಿಸಿ ಕೆಲಸ ಮಾಡುವ ಅನುಮತಿಗೆ) ಹೋದ ಮೇಲೆ ಆರೇ ತಿಂಗಳು.

2009ರ ಡಿಸೆಂಬರ್‌ನಲ್ಲಿ ಅಪ್ಪನಿಗೆ ಜಾಸ್ತಿ ಆಗಿದೆ ಅಂತ ಫೋನ್ ಬಂತು. ನನ್ನ ಐ-20ಯಲ್ಲಿ ಸಹಿ ಹಳೆಯದಾಗಿತ್ತು. ಆಫೀಸಿಗೆ ಕ್ರಿಸ್‌ಮಸ್ ರಜೆ. ಸಹಿ ಇಲ್ಲದೆ ಹೊರಟರೆ ಓದು ಅರ್ಧಕ್ಕೇ ನಿಲ್ಲುತ್ತದೆ, ಅಪ್ಪ ಮಾಡಿದ ಸಾಲ ಹಾಗೇ ಉಳಿಯುತ್ತದೆ ಅಂತ ಹೆದರಿ ಕಾದೆ. ಬಾಗಿಲು ತೆಗೆದ ದಿನವೇ ಸಹಿ ಸಿಕ್ಕಿತು. ಊರು ಮುಟ್ಟಿದ ದಿನ ಅಪ್ಪನ ಹಾಲು-ತುಪ್ಪ.

ಆ ಸಹಿ ಬೇಕಿರುವುದು ವಾಪಸ್ ಬರುವುದಕ್ಕೆ, ಹೋಗುವುದಕ್ಕಲ್ಲ. ಅವತ್ತೇ ವಿಮಾನ ಹತ್ತಬಹುದಿತ್ತು. ರಜೆ ಮುಗಿದ ಮೇಲೆ ಸಹಿ ಹಾಕಿದ ಐ-20ಯನ್ನು ಕಾಲೇಜಿನವರೇ ಊರಿಗೆ ಕೊರಿಯರ್ ಮಾಡುತ್ತಿದ್ದರು. ಈಗಂತೂ ಈಮೇಲ್‌ನಲ್ಲೇ ಕಳಿಸುತ್ತಾರೆ. ಇದು ನನಗೆ ಗೊತ್ತಾಗಿದ್ದು ಮರುವರ್ಷ, ಕ್ಯಾಂಟೀನ್‌ನಲ್ಲಿ ಸುಮ್ನೆ ಮಾತಾಡುವಾಗ. ಯಾರನ್ನೂ ಕೇಳಿರಲಿಲ್ಲ ನಾನು. ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆ ಅನ್ನುವ ನಾಚಿಕೆ. ನಮ್ಮ ಕಡೆಯವರ ಸ್ವಭಾವ ನಿನಗೂ ಗೊತ್ತಲ್ಲ.

ಅದಕ್ಕೇ ನೀನು ಇಷ್ಟೊಂದು ಪ್ರಶ್ನೆ ಕೇಳಿದ್ದು ಖುಷಿಯಾಯಿತು. ಇವತ್ತೇ ಎರಡನೇ ಪುಟ ನೋಡು, ತಾರೀಕು ಏನಿದೆ ಹೇಳು. ಮದುವೆ ಇಲ್ಲದಿದ್ದರೂ ಪ್ರತಿ ವರ್ಷ ಆಗಸ್ಟ್‌ನಲ್ಲಿ ಹಾಕಿಸಿಟ್ಟುಕೋ.