ನಿಮ್ಮ ‘ಹೈಟಿಯನ್’ ಲೇಖನದ ಬಗ್ಗೆ

ನಮಸ್ಕಾರ.

‘ಹೈಟಿಯನ್: ಒಂದು ಜನ, ಒಂದು ನುಡಿ’ ಎಂಬ, ಕೆರಿಬಿಯನ್ ದೇಶ ಹೈಟಿಯ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ.

ಮೊದಲು ಶೀರ್ಷಿಕೆ. ಕನ್ನಡಿಗರು ಆಡುವುದು ಕನ್ನಡ, ಹಾಗೆಯೇ ಹೈಟಿಯನ್ನರು ಆಡುವುದು ಹೈಟಿಯನ್ ಅಂತ ನೀವು ಅಂದುಕೊಂಡಿದ್ದೀರಿ. ಅಲ್ಲಿ ಹಾಗಿಲ್ಲ. ಅಲ್ಲಿಯವರು ತಮ್ಮನ್ನು ‘ಅಯಿಸ್ಯೆಂ’ ಎಂದು ಕರೆದುಕೊಳ್ಳುತ್ತಾರೆ. ನುಡಿಗೆ ಅವರ ಹೆಸರು ‘ಕ್ರೆಯೋಲ್’. ಕ್ರಿಯೋಲ್ ಅಂದರೆ ವಸಾಹತುಗಳಲ್ಲಿ ಬೇರೆ ಬೇರೆ ಭಾಷೆಯವರು ಬೆರೆತಾಗ ಹುಟ್ಟಿದ ನುಡಿ. ಮಾರಿಷಸ್, ಸೆಶೆಲ್ಸ್‌ಗಳಲ್ಲಿ ಬೇರೆ ಕ್ರಿಯೋಲ್‌ಗಳಿವೆ. ಅದಕ್ಕೇ ನಮ್ಮ ಓದುಗರಿಗೆ ‘ಹೈಟಿ ಕ್ರಿಯೋಲ್’ ಅಂತ ಬರೆಯಿರಿ. ಜನರಿಗೆ ‘ಹೈಟಿಯವರು’ ಸಾಕು. ಧಾರವಾಡದವರು ಅನ್ನುವುದಿಲ್ವಾ, ಹಾಗೆ. ‘ಹೈಟಿಯನ್’ ಪದಕ್ಕೆ ಕನ್ನಡದ ವಿಭಕ್ತಿ ಹಚ್ಚಿದರೂ ತೊಡಕೇ. ಎರಡನೇ ಪುಟದಲ್ಲಿ ‘ಅವರು ಹೈಟಿಯನ್ನು ಮಾತಾಡುತ್ತಾರೆ’ ಎಂದಿದೆ. ಇಲ್ಲಿ ದೇಶ ಯಾವುದು, ಭಾಷೆ ಯಾವುದು ಅಂತ ಓದುಗರಿಗೆ ತಿಳಿಯುವುದಿಲ್ಲ.

ಮೂರನೇ ಪುಟದ ‘ಮುರುಕು ಫ್ರೆಂಚ್’ ಎಂಬ ಮಾತನ್ನು ದಯವಿಟ್ಟು ತೆಗೆಯಿರಿ. ನನಗೆ ಬೇಸರವಾದದ್ದು ಇಲ್ಲೇ. ಪದಗಳು ಜಾಸ್ತಿ ಫ್ರೆಂಚಿನಿಂದ ಬಂದಿವೆ, ನಿಜ. ವ್ಯಾಕರಣ ಅದರದ್ದೇ. ಫ್ರೆಂಚಿನಲ್ಲಿ ಕ್ರಿಯಾಪದದ ರೂಪ ‘ನಾನು’, ‘ನೀನು’, ‘ಅವನು’ ಬದಲಾದಂತೆ ಬದಲಾಗುತ್ತದೆ. ಕ್ರಿಯೋಲಿನಲ್ಲಿ ಅದು ಹಾಗೇ ಇರುತ್ತದೆ. ಅದಕ್ಕಿಂತ ಮೊದಲು ಒಂದು ಚಿಕ್ಕ ಪದ ಬರುತ್ತದೆ. ನಡೆದದ್ದಕ್ಕೆ ‘ತೆ’, ನಡೆಯುತ್ತಿರುವುದಕ್ಕೆ ‘ಆಪ್’, ಇನ್ನು ನಡೆಯಲಿರುವುದಕ್ಕೆ ‘ಪ್ರಾಲ್’. ‘ಆ ಪುಸ್ತಕ’ ಅನ್ನಲು ‘ಲಿವ್ ಲಾ’ ಅನ್ನುತ್ತಾರೆ. ‘ಲಾ’ ನಾಮಪದದ ನಂತರ ಬರುತ್ತದೆ, ಫ್ರೆಂಚಿನ ಹಾಗೆ ಮೊದಲು ಅಲ್ಲ. ಇದು ತಪ್ಪು ಮಾತಾಡಿದ್ದಲ್ಲ, ಇನ್ನೊಂದು ನಿಯಮ. ಹೆಚ್ಚು ಕಡಿಮೆ ಎಲ್ಲ ಹೈಟಿಯವರೂ ಆಡುವ ಈ ನುಡಿಗೆ ಫ್ರೆಂಚಿನ ಜೊತೆ ಅಧಿಕೃತ ಸ್ಥಾನ ಸಿಕ್ಕಿದ್ದು 1987ರ ಸಂವಿಧಾನದಲ್ಲಿ. ಅಲ್ಲಿಯವರೆಗೆ ಎಷ್ಟು ಮಕ್ಕಳು ಶಾಲೆಯಲ್ಲಿ ತಮ್ಮ ಮನೆಮಾತಿಗೆ ನಾಚಿಕೊಂಡಿರಬೇಕು! ಅವರಿಗೆ ಅಂಟಿಸಿದ ಆ ಬೈಗುಳ ನಮ್ಮ ಪುಟದಲ್ಲಿ ಬೇಡ.

ಲೇಖನದ ಜೀವ ನಿಮ್ಮ ಕೊನೆಯ ಸಾಲಿನಲ್ಲಿ ಅಡಗಿ ಕೂತಿದೆ. ‘ಅಯಿತಿ’ ಅಂದರೆ ಬೆಟ್ಟಗಳ ನಾಡು, ಅದು ಆ ದ್ವೀಪದ ಮೂಲನಿವಾಸಿ ತೈನೋ ಜನರ ಪದ, ಅಂತ ಬರೆದು ಮುಗಿಸಿಬಿಟ್ಟಿದ್ದೀರಿ. ಅಲ್ಲಿಂದಲೇ ಶುರು ಮಾಡಿ. ಫ್ರೆಂಚರು ಆ ವಸಾಹತಿಗೆ ಇಟ್ಟ ಹೆಸರು ‘ಸ್ಯಾಂ-ದೊಮ್ಯಾಂಗ್’. ಆಫ್ರಿಕಾದಿಂದ ಎಳೆದು ತಂದ ಜನ 1791ರಲ್ಲಿ ಬಂಡೆದ್ದರು. ಗೆದ್ದ ಮೇಲೆ, 1804ರ ಜನವರಿ 1ರಂದು, ದೆಸಾಲೀನ್ ಮುಂದಾಳತ್ವದಲ್ಲಿ ಸ್ವಾತಂತ್ರ್ಯ ಸಾರಿದರು. ಒಡೆಯರು ಇಟ್ಟ ಹೆಸರನ್ನು ಬಿಸಾಕಿ, ತಮಗಿಂತ ಮುಂಚೆ ಅದೇ ನೆಲದಲ್ಲಿ ತುಳಿತಕ್ಕೆ ಸಿಕ್ಕಿ ಅಳಿದವರ ಪದವನ್ನು ಎತ್ತಿಕೊಂಡರು. ‘ಅಯಿಸ್ಯೆಂ’ ಅನ್ನುವಾಗ ಇದೆಲ್ಲ ಆ ಪದದೊಳಗಿರುತ್ತದೆ.

ಇನ್ನು ನಿಮ್ಮ ಗೆಳೆಯರ ಪ್ರಸಂಗ. ಎಣ್ಣೆಗಪ್ಪು ಬಣ್ಣದ ಅವರನ್ನು ಅಲ್ಲಿನ ಸಂತೆಯಲ್ಲಿ ‘ಬ್ಲಾಂ’ ಎಂದು ಕರೆದರು, ಅಂದರೆ ‘ಬಿಳಿಯ’, ಅವರಿಗೆ ಅಚ್ಚರಿಯಾಯಿತು ಅಂತ ಬರೆದಿದ್ದೀರಿ. ತುಂಬಾ ಒಳ್ಳೆಯ ಪ್ರಸಂಗ, ಆದರೆ ಸುಮ್ನೆ ಬಿಟ್ಟು ಮುಂದೆ ಹೋಗಿದ್ದೀರಿ. ಕ್ರಿಯೋಲಿನಲ್ಲಿ ‘ಬ್ಲಾಂ’ ಅಂದರೆ ಯಾವ ಬಣ್ಣದವನಾದರೂ ಸರಿ, ಪರದೇಶದವನು. ‘ನೆಗ್’ ಅಂದರೆ ಗಂಡಸು, ಮನುಷ್ಯ. ಬೇರೆ ಕಡೆ ಬೈಗುಳವಾದ ಪದ ಅಲ್ಲಿ ಬರೀ ‘ಆಳು’ ಅಂದ ಹಾಗೆ. 1805ರ ಸಂವಿಧಾನ ಹೈಟಿಯವರೆಲ್ಲರನ್ನೂ ‘ಕರಿಯರು’ ಎಂಬ ಒಂದೇ ಹೆಸರಿನಿಂದ ಕರೆಯಬೇಕೆಂದು ಹೇಳಿತು. ಅಲ್ಲಿ ಪೌರತ್ವ ಪಡೆದ ಪೋಲೆಂಡಿನವರೂ ಆ ಲೆಕ್ಕದಲ್ಲಿ ಸೇರಿದರು. ಇದಕ್ಕೆ ಒಂದು ಇಡೀ ಪುಟ ಕೊಡಿ.

ಜಾಗಕ್ಕಾಗಿ 2010ರ ಭೂಕಂಪದ ಎರಡು ಪುಟ ತೆಗೆಯಿರಿ. ಆ ದುಃಖ ದೊಡ್ಡದು. ಅದಕ್ಕೆ ಬೇರೆಯೇ ಲೇಖನ ಬೇಕು. ತಿದ್ದಿದ ಪ್ರತಿಯನ್ನು ನನಗೇ ಕಳಿಸಿ, ಕಾಯುತ್ತಿರುತ್ತೇನೆ.